ನಿಮ್ಮ ಕೆಂಪು ಚಡ್ಡಿ ವಾಪಸ್

ಸುಬೇದಾರ್ ಪೆಮ್ಮಯ್ಯನವರಿಗೆ,

ಅಪ್ಪನಿಗೆ ಬರೆಯುವಾಗ ‘ತೀರ್ಥರೂಪು’ ಅಂತ ಶುರು ಮಾಡಬೇಕಂತೆ, ಅಮ್ಮ ಹೇಳಿದಳು. ನನ್ನ ಕೈ ಏಳಲಿಲ್ಲ. ಹಿಂದಿಯಲ್ಲಿ ಬರೆದರೆ ಬರೀ ಬೈಗುಳವೇ ಬರುತ್ತದೆ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಸಹಿಸಿಕೊಳ್ಳಿ. ನಿಮ್ಮನ್ನು ನಾವು ಹನ್ನೊಂದು ವರ್ಷ ಸಹಿಸಿಕೊಂಡಿಲ್ಲವೇ?

ಬುಧವಾರ ಕಿರಣ್ ಫೋನ್ ಮಾಡಿದ್ದ. ಅದೇ, ನಿಮ್ಮ ಶಿಷ್ಯ, ಭಾನುವಾರ ಇಂದಿರಾಪುರಂನಲ್ಲಿ ಓಪನ್ ಬಾಕ್ಸಿಂಗ್ ಟೂರ್ನಮೆಂಟ್ ಫೈನಲ್‌ನಲ್ಲಿ ನನ್ನನ್ನು ಸೋಲಿಸಿದವನು. “ಭಾಯ್, ಪಾಪಾಜಿ ಬುಲಾ ರಹೇ ಹೈಂ” ಅಂದ, ಅಪ್ಪ ಕರೆಯುತ್ತಿದ್ದಾರೆ ಅಂತ. ಯಾರ ಪಾಪಾಜಿ ಅಂತ ಕೇಳಿದೆ. ಗುರುಗ್ರಾಮದ ನಿಮ್ಮ ಅಕಾಡೆಮಿಯಲ್ಲಿ ಮೂವತ್ತು ಹುಡುಗರೂ ನಿಮ್ಮನ್ನು ಹಾಗೇ ಕರೆಯುತ್ತಾರಂತೆ. ಭಲೇ! ಇದ್ದ ಒಬ್ಬ ಮಗನನ್ನು ಬಿಟ್ಟು ಹೋಗಿ ಮೂವತ್ತು ಮಂದಿಗೆ ಅಪ್ಪನಾಗಿದ್ದೀರಿ. ನಾನು ಬಂದು ಸೇರಿಕೊಂಡರೆ ನನ್ನ ಎಡಗೈಯನ್ನು ಮೂರು ತಿಂಗಳಲ್ಲಿ ಸರಿ ಮಾಡಿಕೊಡುತ್ತೀರಂತೆ.

ಆ ಎಡಗೈ ಕೆಡಿಸಿದ್ದು ಯಾರು, ಸ್ವಲ್ಪ ಹೇಳುತ್ತೀರಾ?

ಕಿದ್ವಾಯಿ ನಗರದ ಹಳೇ ಕ್ವಾರ್ಟರ್ಸಿನ ಟೆರೇಸ್. ನನಗೆ ಎಂಟು ವರ್ಷ. ನೀವು ಮಿಲಿಟರಿಯವರ ಸರ್ವಿಸಸ್ ಬಾಕ್ಸಿಂಗ್ ಚಾಂಪಿಯನ್, ಹಾಲು ತರಲು ಹೋದರೂ ಕಾಲೊನಿಯವರು ನಿಲ್ಲಿಸಿ ಮಾತಾಡಿಸುತ್ತಿದ್ದರು. ಫೈನಲ್ ಗೆದ್ದ ನಿಮ್ಮ ಕೆಂಪು ಚಡ್ಡಿಯನ್ನು ನನಗೆ ತೊಡಿಸಿ ಪ್ರಾಕ್ಟೀಸ್ ಶುರು ಮಾಡಿಸಿದಿರಿ. ಅದರೊಳಗೆ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು. ಅಮ್ಮ ಸೊಂಟಕ್ಕೆ ಎರಡು ಹೊಲಿಗೆ ಹಾಕಿಕೊಡುತ್ತೇನೆ ಅಂದರೆ ನೀವು ಬಿಡಲಿಲ್ಲ. ಗೆದ್ದ ಚಡ್ಡಿಗೆ ಸೂಜಿ ತಾಗಿಸಬಾರದು, ಅದೃಷ್ಟ ಹೋಗುತ್ತದೆ ಅಂದಿರಿ. ಸರಿ, ನಾನು ಒಂದು ಪಂಚ್ ಹೊಡೆಯೋದು, ಚಡ್ಡಿ ಜಾರೋದು, ಎಡಗೈ ಗ್ಲೌಸಿನಿಂದ ಅದನ್ನು ಸೊಂಟಕ್ಕೆ ಒತ್ತಿ ಎತ್ತಿಕೊಳ್ಳೋದು, ಮತ್ತೆ ಹೊಡೆಯೋದು. ನೀವು ನಕ್ಕೂ ನಕ್ಕೂ ನೀರಿನ ಟ್ಯಾಂಕಿಗೆ ಒರಗಿ ಕೂತುಬಿಡುತ್ತಿದ್ದಿರಿ. ನೀವು ನಗಲಿ ಅಂತ ನಾನು ಬೇಕುಬೇಕೆಂದೇ ಜಾಸ್ತಿ ಮಾಡುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಮರುವರ್ಷ ‘ಕ್ಯಾಂಪ್ ಇದೆ’ ಅಂತ ಬ್ಯಾಗ್ ತಗೊಂಡು ಹೋದಿರಿ. ಕ್ಯಾಂಪ್ ಮುಗಿಯಲೇ ಇಲ್ಲ. ನಮ್ಮ ಮನೆ ಹತ್ತಿರದಿಂದ ಗುರುಗ್ರಾಮಕ್ಕೆ ಒಂದೇ ಯೆಲ್ಲೋ ಲೈನ್ ಮೆಟ್ರೋ, ಇಳಿದು ಬದಲಾಯಿಸುವ ತಾಪತ್ರಯವೂ ಇಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲ ಹತ್ತಲು ಆಗಲಿಲ್ಲವಾ ನಿಮಗೆ? ಅಮ್ಮನಿಗೆ ಟೈಫಾಯ್ಡ್ ಆಗಿ ಮಲಗಿದಾಗ ಗಂಜಿ ಮಾಡಿದ್ದು ನಾನು, ಹನ್ನೆರಡು ವರ್ಷದವನು. ಈಗ ಆ ಕ್ವಾರ್ಟರ್ಸ್ ಕೆಡವಿ ಟವರ್ ಕಟ್ಟಿದ್ದಾರೆ, ಆ ಟೆರೇಸೂ ಇಲ್ಲ. ಚಡ್ಡಿ ಮಾತ್ರ ಉಳಿಯಿತು. ಇಷ್ಟು ವರ್ಷ ಪ್ರಾಕ್ಟೀಸಿಗೆ ಅದನ್ನೇ ಹಾಕಿದೆ. ಹದಿನೇಳಕ್ಕೆ ಅದು ನನಗೆ ಸರಿಯಾಯಿತು. ಕೈಗೆ ಮಾತ್ರ ಅದು ಗೊತ್ತಾಗಲೇ ಇಲ್ಲ, ಪಂಚ್ ಹೊಡೆದ ಕೂಡಲೇ ಸೊಂಟಕ್ಕೆ ಹೋಗುವುದನ್ನು ಬಿಡಲಿಲ್ಲ.

ಭಾನುವಾರ ಎರಡು ರೌಂಡ್ ನಾನು ಮುಂದಿದ್ದೆ. ನನ್ನ ಕೋಚ್ ಏಕನಾಥ ಸರ್ ಕೂಡ ‘ಗೆದ್ದೆ, ಗೆದ್ದೆ’ ಅನ್ನುತ್ತಿದ್ದರು. ಮೂರನೇ ರೌಂಡಿಗೆ ಎದುರು ಮೂಲೆಯಿಂದ ನಿಮ್ಮ ದನಿ ಕೇಳಿತು. “ಹೊಡೆದ ಮೇಲೆ ಅವನ ಎಡಗೈ ಕೆಳಗೆ ಬರುತ್ತೆ, ಆಗ ಹಾಕು!” ಹಿಂದಿಯಲ್ಲಿ, ಇಡೀ ಹಾಲ್ ಕೇಳುವ ಹಾಗೆ. ನಿಮ್ಮ ಮಗ ಜಾರದ ಚಡ್ಡಿ ಎತ್ತಿಕೊಳ್ಳುವ ಹೊತ್ತಿಗೆ ನಿಮ್ಮ ಶಿಷ್ಯ ಮೂರು ಸಲ ದವಡೆಗೆ ಹಾಕಿದ. ಛೀ! ಮನೆಯ ಗುಟ್ಟು ಬೀದಿಯಲ್ಲಿ ಹೇಳುವವರನ್ನು ಕಂಡಿದ್ದೇನೆ, ಮಗುವಾಗಿದ್ದಾಗಿನ ನಗುವನ್ನು ತೆಗೆದು ಹೀಗೆ ಮಗನ ಮುಖಕ್ಕೇ ಹೊಡೆಸಿದವರನ್ನು ಕಂಡಿರಲಿಲ್ಲ.

ಆಮೇಲೆ ನಮ್ಮ ಆಟದ ರೂಢಿ. ಸೋತರೂ ಗೆದ್ದರೂ ಎದುರಾಳಿಯ ಮೂಲೆಗೆ ಹೋಗಿ ಅವನ ಕೋಚ್‌ಗೆ ತಲೆ ಬಾಗಬೇಕು, ಅವರು ಒಂದು ಗುಟುಕು ನೀರು ಕುಡಿಸುತ್ತಾರೆ. ಗ್ಲೌಸ್ ಹಾಕಿದ ಕೈಯಲ್ಲಿ ಬಾಟಲಿ ಹಿಡಿಯಲಾಗುವುದಿಲ್ಲವಲ್ಲ. ನಾನು ಬಂದೆ. ನೀವು ಬಾಟಲಿಯನ್ನು ನನ್ನ ಬಾಯಿಗೆ ಹಿಡಿದಿರಿ, ಇನ್ನೊಂದು ಕೈಯನ್ನು ನನ್ನ ಕತ್ತಿನ ಹಿಂದೆ ಇಟ್ಟಿರಿ. ಉಗಿಯಬೇಕು ಅಂದುಕೊಂಡಿದ್ದೆ. ಕುಡಿದುಬಿಟ್ಟೆ. ಒಂದಲ್ಲ, ಮೂರು ಗುಟುಕು. ಸೋತಿದ್ದಕ್ಕಿಂತ ಅದೇ ನನ್ನನ್ನು ಸುಡುತ್ತಿದೆ. ಕತ್ತಿನ ಮೇಲೆ ನಿಮ್ಮ ಕೈ ಇನ್ನೊಂದು ಕ್ಷಣ ಇರಲಿ ಅನ್ನಿಸಿತು ನೋಡಿ, ಆ ಕ್ಷಣಕ್ಕೆ ನಿಮ್ಮನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಅಮ್ಮ ಹೋಗು ಅಂದಳು. “ಬೇರೇನೂ ಕೊಟ್ಟಿಲ್ಲ, ವಿದ್ಯೆಯಾದರೂ ಕೊಡಲಿ, ತಗೊಂಡು ಬಾ. ಅದು ನಿನ್ನ ಪಾಲು.” ಎರಡು ದಿನ ಯೋಚನೆ ಮಾಡಿದೆ. ನಿಮ್ಮಷ್ಟು ಬಲ್ಲವರು ಈ ಊರಲ್ಲಿ ಇಲ್ಲ, ಅದು ನನಗೂ ಗೊತ್ತು. ನಿನ್ನೆ ಬೆಳಿಗ್ಗೆ ಏಕನಾಥ ಸರ್‌ಗೆ ಚಡ್ಡಿ ಕಥೆ ಹೇಳಿದೆ. ಮೊದಲು ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. “ಬೇಟಾ, ಅದನ್ನು ಬಿಚ್ಚಿ ಬಾ” ಅಂದರು, ಅಷ್ಟೇ. ಬೇರೆ ಚಡ್ಡಿ ಹಾಕಿ, ಕರವಸ್ತ್ರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಎಡಗೈ ಮಣಿಕಟ್ಟಿಗೆ ಕಟ್ಟಿ ಎರಡು ಗಂಟೆ ಹೊಡೆದೆ. ಕೈ ಇಳಿದಾಗೆಲ್ಲ ಹಲ್ಲು ಜಗ್ಗಿ ನೋಯುತ್ತಿತ್ತು. ನೋಯಲಿ. ಮೂರು ತಿಂಗಳಲ್ಲ, ಮೂರು ವರ್ಷ ಆದರೂ ಆಗಲಿ. ನಾನು ಬರುವುದಿಲ್ಲ.

ಈ ಪಾರ್ಸಲ್‌ನಲ್ಲಿ ನಿಮ್ಮ ಕೆಂಪು ಚಡ್ಡಿ ಇದೆ. ಒಗೆದು ಇಸ್ತ್ರಿ ಮಾಡಿದ್ದೇನೆ. ಸೂಜಿ ತಾಗಿಸಿಲ್ಲ, ಅದೃಷ್ಟ ಹಾಗೇ ಇದ್ದೀತು. ಕಿರಣ್‌ಗೆ ಕೊಡಿ, ಅವನಿಗೆ ಸರಿಯಾಗುತ್ತದೆ.

ಮುಂದಿನ ವರ್ಷ ಮತ್ತೆ ಅದೇ ಫೈನಲ್‌ಗೆ ಬರುತ್ತೇನೆ. ಆಟ ಮುಗಿದ ಮೇಲೆ ನಿಮ್ಮ ಮೂಲೆಗೂ ಬರುತ್ತೇನೆ, ರೂಢಿ ತಪ್ಪಿಸುವುದಿಲ್ಲ, ತಲೆಯೂ ಬಾಗುತ್ತೇನೆ. ಬಾಟಲಿ ಮಾತ್ರ ನನ್ನ ಬಾಯಿಗೆ ಹಿಡಿಯಬೇಡಿ. ನೀವೇ ಕುಡಿಯಿರಿ. ಆ ದಿನ ಗಂಟಲು ಒಣಗುವುದು ನಿಮ್ಮದು.

ಅಲ್ಲಿಯವರೆಗೆ ನಮ್ಮ ಇಗ್ಗುತಪ್ಪ ದೇವರು ನಿಮಗೆ ಒಳ್ಳೆ ಆರೋಗ್ಯ ಕೊಡಲಿ, ಕಣ್ಣು ಚುರುಕಾಗಿರಲಿ. ನೀವು ಅಲ್ಲಿ ನಿಂತು ನೋಡಲೇಬೇಕು. ಕೆಳಗೆ ಸಹಿಯಲ್ಲಿರುವ ‘ಪಿ’ ನಿಮ್ಮದು. ಅದನ್ನೂ ಬಿಚ್ಚಿ ಪಾರ್ಸಲ್‌ಗೆ ಹಾಕೋಣ ಅಂತ ನೋಡಿದೆ, ಆಗಲಿಲ್ಲ.

ಪಿ. ಪೊನ್ನಣ್ಣ
ಕಿದ್ವಾಯಿ ನಗರ