ತೋಪಿನ ಮುಂದೆ ನಿಂತವನು

ಅಣ್ಣಾ,

ಯುದ್ಧದಲ್ಲಿ ನೀನು ಸತ್ತು ಹತ್ತು ವರ್ಷವಾಯಿತು. ಇದನ್ನು ಬರೆದು ಎಲ್ಲಿಗೆ ಕಳಿಸಲಿ? ಆದರೂ ನಿನಗೇ ಹೇಳಬೇಕು.

ನಮ್ಮ ಪೆನ್ಸಿಲ್ವೇನಿಯಾ ಅಮೆರಿಕದ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿತೆಂದು ಊರಿನ ದೊಡ್ಡವರು ನಿನ್ನೆ ಸಂಜೆ ಚೌಕದಲ್ಲಿ ತೋಪು ಹಾರಿಸಲು ಹೊರಟರು. ಜನರ ಹಕ್ಕುಗಳನ್ನೇ ಬರೆಯದ ಕಾಗದಕ್ಕೆ ಹಬ್ಬ ಬೇರೆ ಕೇಡೇ ಎಂದು ನಾವು ದೊಣ್ಣೆ ಹಿಡಿದು ನುಗ್ಗಿದೆವು.

ತೋಪಿನ ಮುಂದೆ ಗಿಲ್ಬರ್ಟ್ ನಿಂತಿದ್ದ. ಗುಂಡು ತಗುಲಿದ ನಿನ್ನನ್ನು ಹಿಮದಲ್ಲಿ ಬೆನ್ನ ಮೇಲೆ ಹೊತ್ತು ತಂದವನು.

"ಹ್ಯೂ, ಸುಮ್ನೆ ಮನೆಗೆ ಹೋಗೋ. ನಿಮ್ಮಣ್ಣ ಇದ್ದಿದ್ರೆ ನನ್ ಪಕ್ಕ ನಿಂತಿರ್ತಿದ್ದ."

"ಅವನ ಹೆಸರೆತ್ತಿದ್ರೆ ಹಲ್ಲು ಉದುರಿಸ್ತೀನಿ!"

"ನಿನಗಿಂತ ಚೆನ್ನಾಗಿ ಅವನು ನನಗೊತ್ತು ಕಣೋ."

ನನ್ನ ದೊಣ್ಣೆಯ ಮೊದಲ ಏಟಿಗೇ ಅವನ ದವಡೆ ಮುರಿದ ಸದ್ದು ಕೇಳಿಸಿತು. ಅವನು ಕೈ ಎತ್ತಲಿಲ್ಲ. ಬಿದ್ದ ಮೇಲೂ ಎರಡು ಸಲ ಹೊಡೆದೆ. ಅವನ ಬಾಯಿಂದ ಸುರಿದ ರಕ್ತ ನನ್ನ ಬೂಟನ್ನೆಲ್ಲ ತೋಯಿಸಿತು.

ಇವತ್ತು ಬೆಳಿಗ್ಗೆ ಅವನ ಮನೆಗೆ ಹೋದೆ. ನ್ಯಾಯಾಧೀಶರು ಹಾಸಿಗೆಯ ಪಕ್ಕ ಕೂತು, "ಹೊಡೆದೋನು ಗೊತ್ತಿದ್ರೆ ಹೆಸರು ಬರೆದು ತೋರಿಸಪ್ಪ" ಎನ್ನುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಗಿಲ್ಬರ್ಟ್ ಬಹಳ ಹೊತ್ತು ನೋಡಿದ. ಆಮೇಲೆ ಗೊತ್ತಿಲ್ಲವೆಂದು ತಲೆಯಾಡಿಸಿದ.

ನ್ಯಾಯಾಧೀಶರು ನನ್ನತ್ತ ತಿರುಗಿ, "ನೀನೂ ಅಲ್ಲೇ ಇದ್ದೆಯಲ್ಲ, ಯಾರು ಅಂತ ನೋಡಿದೆಯಾ?" ಎಂದರು.

ಇಲ್ಲ ಎಂದುಬಿಟ್ಟೆ, ಅಣ್ಣಾ.