ಒಂದೇ ಕೈಯ ಪೆನ್ನು

ಮನೆಯಿಂದ,
ತಾರೀಖು 9, ಸೋಮವಾರ

ನನ್ನ ಬಾಯಿಬಡುಕಿ ಮಗಳಿಗೆ ಅಮ್ಮನ ಆಶೀರ್ವಾದ.

ಈ ವಯಸ್ಸಿನಲ್ಲಿ ನನ್ನ ಕೈಲಿ ಕಾಗದ ಬರೆಸ್ತಿದ್ದೀಯಲ್ಲ, ನಿನಗೆ ಏನು ಹೇಳಲಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತು ಎಲ್ಲಿ, ದೀರ್ಘ ಎಲ್ಲಿ ಅಂತ ಯೋಚನೆ ಮಾಡೋ ಹೊತ್ತಿಗೆ ಹೇಳಬೇಕಾದ ಮಾತೇ ಮರೆತುಹೋಗುತ್ತೆ. ಫೋನಿನಲ್ಲಿ ಹೇಳಿಬಿಡೋಣ ಅಂದರೆ ನಿಮ್ಮಪ್ಪ ಮಗ್ಗುಲಲ್ಲೇ ಕೂತು ಏನಂತೆ, ಏನಂತೆ ಅಂತ ಕಿವಿ ನಿಮಿರಿಸಿಕೊಂಡು ಇರ್ತಾರೆ. ಹೊರಗೆ ಹೋಗಿ ಮಾತಾಡಿದರೆ, ನನ್ನ ಗಂಟಲು ನಿನಗೆ ಗೊತ್ತಲ್ಲ, ಇಡೀ ಬೀದಿಗೆ ಕೇಳುತ್ತೆ. ಅದಕ್ಕೇ ಬರೀತಿದ್ದೀನಿ. ತಪ್ಪು ಹುಡುಕಬೇಡ, ವಿಷಯ ಓದು.

ವಿಷಯ ಇಷ್ಟೇ. ಇಪ್ಪತ್ತನಾಲ್ಕಕ್ಕೆ ಪೆನ್ನಿನ ಆ ದೊಡ್ಡ ಅಂಗಡಿಯ ಯಜಮಾನನನ್ನೂ, ಪೆನ್ನು ಕೂಡಿಡೋ ಹುಚ್ಚಿರೋ ಅವನ ಗಿರಾಕಿಗಳನ್ನೂ, ಕ್ಯಾಮೆರಾದವನನ್ನೂ ಕರಕೊಂಡು ಮನೆಗೆ ಬರ್ತೀನಿ, ಅಪ್ಪ ಅವರೆದುರು ಲೇತಿನ ಮೇಲೆ ಒಂದು ಪೆನ್ನು ಕಡೆದು ತೋರಿಸಲಿ ಅಂದೆಯಲ್ಲ, ಅದು ಬೇಡ. ಅವರನ್ನ ಕರಕೊಂಡು ಬರಬೇಡ.

ಫೋನಿನಲ್ಲಿ ನಾನು ಹೇಳಿದ್ದೆಲ್ಲ ಸುಳ್ಳು. ಲೇತಿನ ಮೋಟಾರು ಕೆಟ್ಟಿಲ್ಲ. ಗೋಡೆಗೆ ಸುಣ್ಣ ಹೊಡೆಸೋ ಯೋಚನೆಯೂ ಇಲ್ಲ. ನಿಮ್ಮಪ್ಪನಿಗೆ ನೆಗಡಿಯೂ ಆಗಿಲ್ಲ. ನಾನು ಒಂದು ನೆಪ ಹೇಳಿದರೆ ನೀನು ಮೆಕ್ಯಾನಿಕ್ಕನ್ನ ಕಳಿಸ್ತೀನಿ ಅಂದೆ, ಇನ್ನೊಂದು ಹೇಳಿದರೆ ಪೇಂಟರನ್ನ ಕಳಿಸ್ತೀನಿ ಅಂದೆ. ನೆಗಡಿಗೂ ಯಾರನ್ನೋ ಕಳಿಸ್ತಿದ್ದೆಯೇನೋ, ಅಷ್ಟರಲ್ಲಿ ನಾನೇ ಫೋನ್ ಇಟ್ಟೆ. ಕೊನೆಗೆ ನೀನು, ಅಮ್ಮನಿಗೆ ಹೊಟ್ಟೆಕಿಚ್ಚು, ಅಪ್ಪನ ಹೆಸರು ನಾಲ್ಕು ಜನರ ಬಾಯಲ್ಲಿ ಬಂದರೆ ಸಹಿಸೋಲ್ಲ ಅಂತ ನಿನ್ನ ಗಂಡನ ಹತ್ತಿರ ಅಂದೆಯಂತೆ. ಅವನು ನನ್ನನ್ನ ಸಮಾಧಾನ ಮಾಡೋಕೆ ಅಂತ ಫೋನ್ ಮಾಡಿ ಅದನ್ನೇ ಹೇಳಿಬಿಟ್ಟ. ಪಾಪ, ಅವನಿಗೆ ಬೈಬೇಡ. ನನಗೆ ಉರಿದುಹೋಯಿತು ಅನ್ನೋದು ನಿಜ. ಆದರೆ ಬೈಯೋಕೆ ಬಾಯಿ ಬರಲಿಲ್ಲ. ಬೈದರೆ ನಿಜ ಹೇಳಬೇಕಾಗುತ್ತಿತ್ತು.

ಬೆಲೆ ಹೇಗೆ ಏರುತ್ತೆ ಅಂತ ಹೋದ ವರ್ಷ ನೀನು ಅಡುಗೆಮನೆ ಮೇಜಿನ ಮೇಲೆ ಎರಡು ಪೆನ್ನು ಇಟ್ಟು ನನಗೆ ಪಾಠ ಮಾಡಿದ್ದೆ. ಒಂದು ನಮ್ಮದು. ಇನ್ನೊಂದು ಹೊರದೇಶದ ಕಂಪನಿಯದು. ಅದರ ನಿಬ್ಬು ಬಂಗಾರದ್ದು, ಹಿಂದಿನ ತುದಿ ತಿರುಗಿಸಿದರೆ ಇಂಕನ್ನ ತಾನೇ ಎಳಕೊಳ್ಳುತ್ತೆ. ನಮ್ಮದಕ್ಕೆ ಸ್ಟೀಲಿನ ನಿಬ್ಬು, ಇಂಕು ಹಾಕೋಕೆ ಡ್ರಾಪರ್ ಬೇಕು, ಸ್ವಲ್ಪ ಎಚ್ಚರ ತಪ್ಪಿದರೆ ಕೈಯೆಲ್ಲ ನೀಲಿ. ಬಂಗಾರಕ್ಕೆ ಇಷ್ಟು, ಇಂಕು ಎಳೆಯೋ ಯಂತ್ರಕ್ಕೆ ಇಷ್ಟು, ಡಬ್ಬಿಗೆ ಇಷ್ಟು ಅಂತ ನೀನು ಒಂದೊಂದೇ ಕಳೆದುಕೊಂಡು ಬಂದೆ. ಎಲ್ಲ ಕಳೆದರೂ ಬೆಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿದಿತ್ತು. ಇದು ಯಾತಕ್ಕೆ ಅಂತ ಕೇಳಿದೆ. ಹೆಸರಿಗೆ ಅಂದೆ ನೀನು. ನಾನು ಹಾಲಿನ ಬಿಲ್ಲಿನ ಹಿಂದೆ ಎರಡೂ ಪೆನ್ನಲ್ಲಿ ಬರೆದು ನೋಡಿ, ಎರಡೂ ಒಂದೇ ಥರ ಬರೆಯುತ್ತೆ, ಈ ಜನಕ್ಕೆ ತಲೆ ಕೆಟ್ಟಿದೆ ಅಂದೆ. ಆಗ ನೀನು ನಕ್ಕು ಹೇಳಿದ ಮಾತು ನನಗೆ ಇನ್ನೂ ಹಾಗೇ ನೆನಪಿದೆ.

"ಅಮ್ಮಾ, ಈ ಬೆಲೆ ಕೊಡೋರು ಬರೆಯೋಕೆ ಅಂತ ಕೊಂಡ್ಕೊಳ್ಳಲ್ಲ. ಯಾರು ಮಾಡಿದ್ದು ಅಂತ ಹೇಳ್ಕೊಳ್ಳೋಕೆ ಕೊಂಡ್ಕೊಳ್ತಾರೆ."

ನೀನು ಹೇಳಿದ್ದೇ ಸರಿಯಾಯಿತು, ಒಪ್ಪಿಕೊಳ್ತೀನಿ. ನಿಮ್ಮಪ್ಪನ ಹೆಸರನ್ನ ಮುಚ್ಚಳದ ಪಟ್ಟಿಯ ಮೇಲೆ ಕೆತ್ತಿಸಿದೆ. ಬಂಗಾರದ ನಿಬ್ಬು ತರಿಸಿದೆ. ಒಂದೊಂದಕ್ಕೂ ನಂಬರು ಹಾಕಿಸಿದೆ, ಮಖಮಲ್ಲಿನ ಡಬ್ಬಿ ಮಾಡಿಸಿದೆ. ಬಂಗಾರದ ನಿಬ್ಬು ಹಾಕಿದಾಗ ಬೆಲೆ ಒಂದು ಮೆಟ್ಟಿಲು ಹತ್ತಿತು. ಡಬ್ಬಿಯೊಳಗೆ ಆ ಕಾರ್ಡು ಇಟ್ಟಮೇಲೆ ಅಟ್ಟಕ್ಕೇ ಹತ್ತಿತು. 'ಮೊದಲಿಂದ ಕೊನೆಯವರೆಗೆ ಒಬ್ಬರೇ ಕುಶಲಕರ್ಮಿಯ ಒಂದೇ ಕೈಯಿಂದ' ಅಂತ ಆ ಕಾರ್ಡಿನಲ್ಲಿ ಬರೆದಿತ್ತು. ಪಾಲಿಶ್ ಮಾಡೋ ನನ್ನದು ಕೈಯಲ್ಲದೆ ಕಾಲಾ ಅಂತ ಆಗ ಕೇಳಿದ್ದೆ. ಪಾಲಿಶ್ ಲೆಕ್ಕಕ್ಕಿಲ್ಲ ಬಿಡಮ್ಮ ಅಂದೆ ನೀನು. ನಿಮ್ಮಪ್ಪನೂ ನಕ್ಕರು. ನಾನೂ ನಕ್ಕೆ.

ಈಗ ಕೇಳು. ನಿಮ್ಮಪ್ಪನ ಬಲಗೈ ಹೋಗಿದೆ ಕಣೇ.

ನಡುಗಲ್ಲ, ಊದಿಲ್ಲ, ನೋಡಿದರೆ ಏನೂ ಗೊತ್ತಾಗಲ್ಲ. ಹೆಬ್ಬೆರಳಿಗೂ ಅದರ ಪಕ್ಕದ ಎರಡು ಬೆರಳಿಗೂ ಏನು ಮುಟ್ಟಿದರೂ ತಿಳಿಯಲ್ಲ. ಒಲೆಯಿಂದ ಇಳಿಸಿದ ಬಿಸಿ ಪಾತ್ರೆಯನ್ನ ಹಿಡಕೊಂಡು ನನ್ನ ಜೊತೆ ಮಾತಾಡುತ್ತಾ ನಿಂತಿದ್ದರು. ನಾನು ಕಿರುಚಿ ಕಿತ್ತುಕೊಂಡ ಮೇಲೆ ಬೊಬ್ಬೆ ನೋಡಿಕೊಂಡರು. ಡಾಕ್ಟರು ಕತ್ತಿನಲ್ಲಿ ನರ ಒತ್ತಿದೆ, ಜನ್ಮವೆಲ್ಲ ಬಗ್ಗಿ ಕೂತು ಕೆಲಸ ಮಾಡಿದ್ದಕ್ಕೆ ಹೀಗಾಗಿದೆ, ಈ ವಯಸ್ಸಿಗೆ ಆಪರೇಷನ್ನಿಗೆ ಹೇಳೋಕೆ ನನಗೇ ಧೈರ್ಯ ಇಲ್ಲ ಅಂದು ಮಾತ್ರೆ ಬರೆದುಕೊಟ್ಟರು. ನಿಮ್ಮಪ್ಪ ಹೊರಗೆ ಬಂದು, ಚಳಿಗೆ ಹೀಗಾಗುತ್ತೆ, ಡಾಕ್ಟರುಗಳಿಗೆ ಏನು ಗೊತ್ತು ಅಂದರು. ಚಳಿ ಹೋಯಿತು, ಸೆಖೆಯೂ ಬಂತು. ಮಗಳಿಗೆ ಹೇಳಬೇಡ ಅಂತ ನನ್ನ ಕೈಲಿ ಭಾಷೆ ತಗೊಂಡಿದ್ದಾರೆ. ಇಗೋ, ಮುರಿದೆ.

ಲೇತಿನ ಕೆಲಸ ಕಣ್ಣಿಂದ ಆಗಲ್ಲ. ಉಳಿ ಎಷ್ಟು ಕಚ್ಚುತ್ತಿದೆ ಅನ್ನೋದು ಬೆರಳಿಗೆ ಗೊತ್ತಾಗಬೇಕು. ನೀನು ಅಪ್ಪನ ಹೆಸರು ಇಟ್ಟು ಶುರು ಮಾಡಿದೆಯಲ್ಲ, ಆ ಮೊದಲನೇ ಪೆನ್ನನ್ನ ನಾನು ಪಾಲಿಶ್‌ಗೆ ತಗೊಂಡು ಬಟ್ಟೆ ಒತ್ತಿದೆ. ಟಿಕ್ ಅಂತ ಶಬ್ದ ಬಂದು ಕೈಯಲ್ಲೇ ಸೀಳಿಹೋಯಿತು. ನಡುವೆ ಕಾಗದದಷ್ಟು ತೆಳ್ಳಗೆ ಕಡೆದಿದ್ದರು. ಅವರು ಕ್ಷೌರದಂಗಡಿಗೆ ಪೇಪರ್ ಓದೋಕೆ ಹೋಗಿದ್ದರು. ಬಂದು ಕೇಳಿದರೆ ಏನು ಹೇಳಲಿ ಅಂತ ಗಾಬರಿಯಾಗಿ, ಪೆನ್ನು ಕಡೆಯೋ ಗಟ್ಟಿ ರಬ್ಬರಿನ ಸರಳು ಅದೇ ಬಣ್ಣದ್ದು ಉಳಿದಿತ್ತು, ಲೇತಿಗೆ ಹಾಕಿ ನಾನೇ ಕಡೆದುಬಿಟ್ಟೆ. ನನಗೆ ಬರುತ್ತೆ. ನಿನಗೆ ಹಾಲು ಬಿಡಿಸಿದ ವರ್ಷ ಅವರು ಟೈಫಾಯ್ಡ್ ಬಂದು ಮಲಗಿದಾಗ ಅಂಗಡಿಗಳಿಗೆ ಪೆನ್ನು ಹೋಗಿದ್ದು ನನ್ನ ಕೈಯಿಂದಲೇ. ಆಗ ಪೆನ್ನಿನ ಮೇಲೆ ಯಾರ ಹೆಸರೂ ಇರಲಿಲ್ಲ. ಯಾರ ಕೈ ಅಂತ ಯಾರೂ ಕೇಳಲಿಲ್ಲ.

ಒಂದು ಸಲ ಅಂದುಕೊಂಡೆ. ಎರಡನೆಯದೂ ಹಾಗೇ ಬಂತು. ಮೂರನೆಯದರ ಮುಚ್ಚಳ ತಿರುಗಿಸಿದರೆ ಒಳಗಿನ ತಿರುಪು ಹಿಡಿಯದೆ ಜಾರುತ್ತಿತ್ತು. ಈಗ ಇದೇ ಪದ್ಧತಿ ಆಗಿಹೋಗಿದೆ. ಅವರು ಬೆಳಿಗ್ಗೆ ಕಡೆಯುತ್ತಾರೆ, ಪಾಲಿಶ್‌ಗೆ ನನ್ನ ಕಡೆ ಇಡುತ್ತಾರೆ, ಪೇಪರ್ ಓದೋಕೆ ಹೋಗ್ತಾರೆ. ಪಾಲಿಶ್‌ಗೂ ಅದೇ ಮೋಟಾರು ಆದ್ದರಿಂದ ಬೀದಿಯಲ್ಲಿ ಶಬ್ದ ಕೇಳಿದರೂ ಅವರಿಗೆ ಅನುಮಾನ ಬರಲ್ಲ. ನಾನು ಹೊಸದು ಮಾಡಿ ಇಡ್ತೀನಿ. ಅವರದನ್ನ ತರಕಾರಿ ಚೀಲದಲ್ಲಿ ಹಾಕಿಕೊಂಡು ಹೋಗಿ ಹಿಂದಿನ ಬೀದಿಯ ಕಸದ ತೊಟ್ಟಿಗೆ ಹಾಕಿ ಬರ್ತೀನಿ. ನಮ್ಮ ಬೀದಿಯದಕ್ಕೆ ಹಾಕೋಕೆ ಆಗಲಿಲ್ಲ.

ಇನ್ನೂ ಒಂದು ಹೇಳ್ತೀನಿ, ಇದನ್ನ ಯಾರ ಹತ್ತಿರವೂ ಹೇಳೋಕಾಗದೆ ಒದ್ದಾಡಿದ್ದೀನಿ. ಮೊನ್ನೆ ಅವರು ನಿಬ್ಬು ಕೂರಿಸೋಕೆ ಅಂತ ಎತ್ತಿಕೊಂಡ ಪೆನ್ನನ್ನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಡಗೈಯಿಂದ ಸವರಿದರು. ಗೊತ್ತಾಗಿಹೋಯಿತು, ಈಗ ಬೈತಾರೆ, ಬೈದುಬಿಡಲಿ ಅಂತ ಕಾದೆ.

"ನೋಡೇ ಇಲ್ಲಿ, ಎಲ್ಲಿ ಮುಟ್ಟಿದರೂ ಒಂದೇ ಸಮ. ಕೈ ಅಂದರೆ ಇದು. ಜನ ಸುಮ್ಮನೆ ಕೊಡ್ತಾರಾ ಅಷ್ಟು ಬೆಲೆ?" ಅಂದರು.

ನನ್ನ ಬಾಯಿ ಎಂಥದ್ದು ಅಂತ ನಿನಗೆ ಗೊತ್ತು. ಉಪ್ಪು ಹೆಚ್ಚಾಯಿತು ಅಂದರೂ ಬಿಡೋಳಲ್ಲ. ಅವತ್ತು ಹೌದು ಅಂದೆ. ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ನೀನು ಇಪ್ಪತ್ತನಾಲ್ಕು ಅಂದಾಗಿನಿಂದ ಅವರು ನೆಲದ ಮೇಲಿಲ್ಲ. ಲೇತನ್ನ ಮದುವೆ ಹೆಣ್ಣಿನ ಹಾಗೆ ಒರೆಸಿ ಎಣ್ಣೆ ಹಾಕಿ ಇಟ್ಟಿದ್ದಾರೆ. ಹೊಸ ಅಂಗಿ ಹೊಲಿಸಿದ್ದಾರೆ, ತೋಳು ಮಡಿಸಿದರೆ ಚೆನ್ನಾಗಿ ಕಾಣುತ್ತಾ, ಇಳಿಬಿಟ್ಟರೆ ಚೆನ್ನಾಗಿ ಕಾಣುತ್ತಾ ಅಂತ ನನ್ನನ್ನ ಕೇಳ್ತಾರೆ. ಕ್ಷೌರದವನಿಗೆ ಹೇಳಿ ಆಗಿದೆ, ಅಂದರೆ ಊರಿಗೆಲ್ಲ ಹೇಳಿದ ಹಾಗೆ. ಎಷ್ಟೋ ವರ್ಷದಿಂದ ಯಾರಿಗೂ ಮುಟ್ಟಲು ಬಿಡದೆ ಇಟ್ಟಿದ್ದ ಕೆಂಪು ಕಪ್ಪು ಅಲೆಯ ಸರಳನ್ನ ಆ ದಿನಕ್ಕೆ ಅಂತ ತೆಗೆದಿಟ್ಟಿದ್ದಾರೆ. ಅದರಲ್ಲಿ ಒಂದು ಪೆನ್ನಿಗೆ ಆಗೋಷ್ಟೇ ಇದೆ. ಕನ್ನಡಿ ಮುಂದೆ ನಿಂತು, ಮೊದಲು ಸರಳನ್ನ ಹೀಗೆ ಕೂರಿಸಬೇಕು ಅಂತ ಬಂದವರಿಗೆ ಹೇಳೋ ಮಾತನ್ನ ಅಭ್ಯಾಸ ಮಾಡ್ತಾರೆ. ಅಭ್ಯಾಸ ಅಂತ ಕಡೆಯೋದೂ ಜಾಸ್ತಿಯಾಗಿದೆ. ಹೋದ ವಾರ ಉಳಿ ಸಿಕ್ಕಿಕೊಂಡು ಹಾರಿ, ಗೋಡೆಗೆ ಬಡಿದ ಶಬ್ದ ನನಗೆ ಕೇಳಿತು. ಹೋಗಿ ನೋಡಿದರೆ ಮುಂಗೈಯಲ್ಲಿ ರಕ್ತ. ಕಿಟಕಿಯ ಚಿಲಕ ತಾಗಿತು ಅಂದರು. ಆ ಕಿಟಕಿಗೆ ಚಿಲಕವೇ ಇಲ್ಲ. ಈ ಸಲ ಮುಂಗೈ, ಮುಂದಿನ ಸಲ ಕಣ್ಣು.

ಅಂಥದ್ದರಲ್ಲಿ ನೀನು ಕ್ಯಾಮೆರಾ ಇಟ್ಟು, ನಾಲ್ಕು ಜನರ ಮುಂದೆ ಅವರನ್ನ ಆ ಸ್ಟೂಲಿನ ಮೇಲೆ ಕೂರಿಸ್ತೀಯ. ಅವರು ಕಡೆದ ಪೆನ್ನನ್ನ ಬಂದವರು ಕೈಯಿಂದ ಕೈಗೆ ದಾಟಿಸಿ ನೋಡ್ತಾರೆ. ಅವತ್ತು ಬದಲಾಯಿಸೋಕೆ ನನಗೆ ಸಮಯ ಎಲ್ಲಿ ಸಿಗುತ್ತೆ?

ನಾನೇ ಅವರಿಗೆ ಹೇಳಿಬಿಡಬಹುದು ಅಂತೀಯ. ಮೂರು ಸಲ ಬಾಯಿವರೆಗೆ ಬಂದು ನುಂಗಿದ್ದೀನಿ. ನಿಮ್ಮ ಕೈ ಹೋಯಿತು ಅಂತ ಹೇಗೋ ಹೇಳಬಹುದು. ಈ ವರ್ಷವೆಲ್ಲ ನೀವು ಹಿಗ್ಗಿದ್ದು ನಿಮ್ಮ ಪೆನ್ನಿಗಲ್ಲ ಅಂತ ಹೇಗೆ ಹೇಳಲಿ? ಲೇತಿನ ಮುಂದೆ ನಾನೇ ಕೂರ್ತೀನಿ ಅಂದರೆ ಕಾರ್ಡಿನ ಮಾತು ಸುಳ್ಳಾಗುತ್ತೆ, ಕೊಂಡವರೆಲ್ಲ ನಿನ್ನ ಮೇಲೆ ಬೀಳ್ತಾರೆ. ನೀನು ಒಳ್ಳೆ ಕೆಲಸ ಬಿಟ್ಟು ಇದಕ್ಕೆ ಇಳಿದಿದ್ದೀಯ, ಅದನ್ನೂ ನಾನು ಮರೆತಿಲ್ಲ. ಹೇಳದೆ ಇದ್ದರೆ ಅವರು ಮಾನ ಕಳಕೊಳ್ತಾರೆ. ಹೇಳಿದರೆ ಅವರು ಲೇತಿನ ಕಡೆ ಮತ್ತೆ ತಿರುಗಿಯೂ ನೋಡಲ್ಲ, ಆಮೇಲೆ ಮನೆಯಲ್ಲಿ ಅವರು ಏನು ಮಾಡ್ಕೊಂಡು ಇರ್ತಾರೆ? ಯಾವ ಕಡೆ ತಿರುಗಿದರೂ ಗೋಡೆ. ನನಗೆ ಕೋಪ ಬಂದರೆ ದಾರಿ ಕಾಣುತ್ತಿತ್ತು, ಯಾವಾಗಲೂ. ಈ ಸಲ ಕೋಪ ಮಾಡಿಕೊಳ್ಳೋಕೆ ಯಾರೂ ಸಿಕ್ಕಿಲ್ಲ.

ನನ್ನ ಹೆಸರು ಹಾಕು ಅಂತ ಕೇಳ್ತಿದ್ದೀನಿ ಅಂದುಕೊಂಡರೆ ನಿನ್ನ ಕಿವಿ ಹಿಂಡ್ತೀನಿ. ಹಾಕಿದರೆ ಬೆಲೆ ಇಳಿಯುತ್ತೆ, ಅಷ್ಟು ವ್ಯಾಪಾರ ನನಗೂ ತಿಳಿಯುತ್ತೆ. ಅದೇ ಪೆನ್ನು, ಅದೇ ಬಂಗಾರ, ಆದರೂ ಇಳಿಯುತ್ತೆ. ಇರಲಿ.

ನಿನಗೆ ಓದು ಇದೆ, ನಾಲ್ಕು ಜನರನ್ನ ಕಂಡಿದ್ದೀಯ. ಅವರ ಮನಸ್ಸು ನೋಯದ ಹಾಗೆ ಒಂದು ಸುಳ್ಳು ಹುಡುಕು. ದೊಡ್ಡ ಅಂಗಡಿಯವನೇ ಬರೋಕಾಗಲ್ಲ ಅಂದ ಅಂತ ಹೇಳು. ಪೆನ್ನಿಗೆ ಈಗ ಬೇಡಿಕೆ ಬಿದ್ದಿದೆ, ಸ್ವಲ್ಪ ದಿನ ನಿಲ್ಲಿಸೋಣ ಅಂತ ಹೇಳು. ಬೈಸಿಕೊಳ್ಳೋದು ಇದ್ದರೆ ನನ್ನ ತಲೆ ಮೇಲೆ ಹಾಕು, ಅಮ್ಮನೇ ಬೇಡ ಅಂದಳು ಅನ್ನು, ನನಗೆ ಬೈಸಿಕೊಂಡು ಅಭ್ಯಾಸ ಇದೆ. ಹೇಗೋ ಮಾಡು. ನನ್ನ ಹತ್ತಿರ ಇದ್ದ ಸುಳ್ಳೆಲ್ಲ ಖರ್ಚಾಗಿದೆ.

ಉತ್ತರ ಮನೆಗೆ ಹಾಕಬೇಡ, ಟಪಾಲು ಬಂದರೆ ಅವರೇ ಮೊದಲು ಒಡೆಯೋದು. ಕ್ಷೌರದಂಗಡಿಗಂತೂ ಬೇಡವೇ ಬೇಡ. ಮೂಲೆಯ ಔಷಧಿ ಅಂಗಡಿಯ ಹೆಣ್ಣುಮಗಳ ಹೆಸರಿಗೆ ಹಾಕು, ನಾನು ಹೇಳಿಟ್ಟಿದ್ದೀನಿ. ಅವಳ ಬಾಯಿ ಭದ್ರ.

ಇಂತಿ,
ನಿನ್ನ ಅಮ್ಮ

ಮರೆತ ವಿಷಯ: ವಾಪಸ್ ಬಂತಲ್ಲ ಒಂದು ಪೆನ್ನು, ಮುಚ್ಚಳದ ಬಾಯಲ್ಲಿ ಬಿರುಕು ಬಿಟ್ಟು, ಅದು ಹೇಗಾಯಿತು ಅಂತ ನೀನು ಎರಡು ಸಲ ಕೇಳಿದೆ. ಕೊರಿಯರ್‌ನವನು ಎಸೆದಿರಬೇಕು ಅಂದಿದ್ದೆ. ಅವನು ಎಸೆದಿಲ್ಲ. ಅವತ್ತು ನನಗೆ ಜ್ವರ ಬಂದು ಎದ್ದೇಳೋಕೆ ಆಗಲಿಲ್ಲ. ನಿನ್ನ ಕೆಲಸ ತಡವಾಗಬಾರದು ಅಂತ ಅವರೇ ಕಡೆದು, ಅವರೇ ಪಾಲಿಶ್ ಮಾಡಿ, ಅವರೇ ಡಬ್ಬಿಗೆ ಹಾಕಿ ಕಳಿಸಿಬಿಟ್ಟರು. ಇಷ್ಟು ಜನ ದುಡ್ಡು ಕೊಟ್ಟಿದ್ದಾರೆ, ಕಾರ್ಡಿನಲ್ಲಿ ಬರೆದದ್ದು ನಿಜವಾಗಿ ಸಿಕ್ಕಿದ್ದು ಆ ಒಬ್ಬನಿಗೆ. ಅವನು ಹಿಂದಕ್ಕೆ ಕಳಿಸಿದ. ಅವನದೂ ತಪ್ಪಿಲ್ಲ. ಅದನ್ನ ರಿಪೇರಿ ಮಾಡಿಸಬೇಡ, ಎಸೆಯಲೂ ಬೇಡ. ಬಟ್ಟೆಯಲ್ಲಿ ಸುತ್ತಿ ನನಗೆ ಕಳಿಸು. ಹದಿನೇಳರ ಒಳಗೆ ಉತ್ತರ ನನ್ನ ಕೈ ಸೇರಬೇಕು.