ಗೆರೆ ಮೂಡಿದ ಕಾರ್ಡು

ರಾಮತೀರ್ಥ ನಗರ, ಬೆಳಗಾವಿ
ಶ್ರಾವಣದ ಎರಡನೇ ಸೋಮವಾರ

ಪ್ರೀತಿಯ ಅತ್ತೆಯವರಿಗೆ ನೇತ್ರಾಳ ಶರಣು.

ಆರೋಗ್ಯ ಹೇಗಿದೆ? ಖಾನಾಪುರದ ಮಳೆಗೆ ಮೊಣಕಾಲು ನೋಯುತ್ತಿರಬೇಕು. ಡಾಕ್ಟರು ಹೊಟ್ಟೆಗೆಂದು ಕೊಟ್ಟ, ನಾನು ಕಳಿಸಿದ ಮಾತ್ರೆ ತಪ್ಪಿಸಬೇಡಿ. ಮೈಗೇನೂ ಆಗಿಲ್ಲವೆಂದು ನಿಮ್ಮ ತಂಗಿ ಕಾಂತಾ ಚಿಕ್ಕಮ್ಮನ ಕಪಾಟಿನಲ್ಲಿ ಬಚ್ಚಿಟ್ಟಿದ್ದರೆ ನನಗೆ ಗೊತ್ತಾಗದೆ ಇರುವುದಿಲ್ಲ. ನೀವು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಸುಮಿತ ಚೇತರಿಸಿಕೊಂಡು ಶಾಲೆಗೆ ಹೋಗುತ್ತಿದ್ದಾನೆ. ತಾಟಿನ ಮುಂದೆ ಕೂತರೆ ಮಾತ್ರ "ಅಜ್ಜಿ ರೊಟ್ಟಿ ಹಿಂಗ ಇರೂದಿಲ್ಲ" ಎನ್ನುತ್ತಾನೆ. ನನ್ನ ರೊಟ್ಟಿ ಉಬ್ಬುವುದಿಲ್ಲ, ಮುಖ ಮಾತ್ರ ಉಬ್ಬುತ್ತದೆ.

ಅವನಿಗೆ ಮೊದಲ ಸಲ ಟೈಫಾಯ್ಡ್ ಬಂದಾಗ, ಕ್ಲಿನಿಕ್ಕಿನಲ್ಲಿ ಮನೆಮಂದಿಯ ಬೆರಳೆಲ್ಲ ಚುಚ್ಚಿಸಿ ಜ್ವರ ಪತ್ತೆಹಚ್ಚುವ ಆ ಪುಟ್ಟ ಕಾರ್ಡುಗಳಿಗೆ ರಕ್ತ ಹಾಕಿಸಿದ್ದು ನಿಮ್ಮ ಹಟ. ಚಹಾ ಕುಡಿಯುವಷ್ಟರಲ್ಲಿ ನನ್ನ ಕಾರ್ಡಿನಲ್ಲಿ ಮಾತ್ರ ಜ್ವರದ ಗೆರೆ ಮೂಡಿತು. "ಇನ್ನ ಒಲಿ ಕಡೆ ಬರಬ್ಯಾಡ, ಹುಡುಗಗ ನಾನಾ ಉಣಸ್ತೀನಿ" ಎಂದಿರಿ. ಹಳೆಯ ಜ್ವರಕ್ಕೂ ಗೆರೆ ಮೂಡುತ್ತದೆ, ಯಾರಿಂದ ಬಂತೆಂದು ಅದು ಹೇಳುವುದಿಲ್ಲ ಎಂದು ಡಾಕ್ಟರು ಬಡಿದುಕೊಂಡರೂ ಕೇಳಲಿಲ್ಲ. ಓಣಿಗೆಲ್ಲ ಹೇಳಿಬಂದಿರಿ. ನನಗೆ ಹೊಟ್ಟೆ ಉರಿದದ್ದು ಸುಳ್ಳಲ್ಲ.

ಸುಮಿತನಿಗೆ ಮತ್ತೆ ಜ್ವರ ಬಂತು. ಎಲ್ಲರ ಮಲ ಪರೀಕ್ಷೆಗೆ ಕಳಿಸಿದರೆ ಕ್ರಿಮಿ ಸಿಕ್ಕಿದ್ದು ನಿಮ್ಮದರಲ್ಲಿ. ಎಂದೋ ಬಂದುಹೋದ ಜ್ವರದ್ದು, ನಿಮಗೇ ಗೊತ್ತಿಲ್ಲದೆ, ಕಾರ್ಡಿಗೂ ಸಿಗದೆ ಹೊಟ್ಟೆಯಲ್ಲಿ ಅವಿತು ಕೂತು, ಕೈತುತ್ತಿನ ಜೊತೆ ಅವನಿಗೆ ದಾಟಿತ್ತಂತೆ. ಅದರಲ್ಲಿ ನಿಮ್ಮ ತಪ್ಪೇನು? ಆದರೆ ನಾನು ಆ ರಿಪೋರ್ಟನ್ನು ಇನಾಮು ಗೆದ್ದವಳಂತೆ ಗಟ್ಟಿಯಾಗಿ ಓದಿದೆ. ನೀವಾಗ ಸುಮಿತನಿಗೆ ತುತ್ತು ಕಲಸುತ್ತಿದ್ದಿರಿ. ತಾಟು ಕೆಳಗಿಟ್ಟಿರಿ, ಕೈ ತೊಳೆದಿರಿ, ಮತ್ತೆ ತೊಳೆದಿರಿ, ಖಾನಾಪುರದ ಬಸ್ಸು ಹತ್ತಿದಿರಿ. ನಾನು ತಡೆಯಲಿಲ್ಲ. ಆ ನಲ್ಲಿಯ ಸದ್ದು ಇನ್ನೂ ಕಿವಿಯಲ್ಲಿದೆ ಅತ್ತೆ, ಬಹಳ ಸಂಕಟವಾಗುತ್ತದೆ.

ಮಾತ್ರೆ ಮುಗಿದು ಮರುಪರೀಕ್ಷೆ ಆಗುವವರೆಗೆ ರೊಟ್ಟಿ ನಾನೇ ಬಡಿಯುತ್ತೇನೆ. ನೀವು ಪಕ್ಕದಲ್ಲಿ ಕೂತು ಬಯ್ಯುತ್ತಿದ್ದರೆ ಸಾಕು. ಕಾಂತಾ ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ. ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ ಸೊಸೆ,
ನೇತ್ರಾ

ತಾ.ಕ.: ಓಣಿಯವರ ಮುಖ ಹೇಗೆ ನೋಡಲಿ ಎಂದು ಅಲ್ಲೇ ಕೂರಬೇಡಿ. ರಿಪೋರ್ಟಿನ ಮಾತು ಹೊಸಿಲು ದಾಟಿಲ್ಲ. ನಿನ್ನೆ ಪಕ್ಕದ ಮನೆಯ ನಾಗರತ್ನಾ "ನಿಮ್ಮತ್ತಿ ಬಾಳವ್ವಾರು ಯಾಕ ಹ್ವಾದ್ರು?" ಎಂದು ಕೇಳಿದಳು. "ನನ್ನ ಜ್ವರ ಅವ್ರಿಗೆ ಹತ್ತಬಾರದಂತ ನಾನಾ ಕಳಿಸೀನ್ರಿ" ಎಂದೆ. ಓಣಿಯವರು ಹಾಗೆಯೇ ತಿಳಿದಿರಲಿ, ನೀವು ಬನ್ನಿ.